ಯಾವುದನ್ನು ಬಿಡೋಣ?

ಜನವರಿ ತಿಂಗಳು ಬಂತೆಂದರೆ ನಮ್ಮ ಶಾಲೆಯ ಅಧ್ಯಾಪಕರು ಇಬ್ಬಿಬ್ಬರಾಗಿ ಹತ್ತನೆಯ ತರಗತಿಯ ಮಕ್ಕಳ ಮನೆಗಳಿಗೆ ಹೋಗಿಬರುವ ರೂಢಿ ಇದೆ. ಸಂಜೆ ಶಾಲೆ ಬಿಟ್ಟ ಮೇಲೆ ಹೊರಟರೆ ಗುಡ್ಡೆ ಹತ್ತಿ, ತೋಟ ಇಳಿದು, ಸಂಕ ದಾಟಿ ಒಂದು ದಿನಕ್ಕೆ ನಾಲ್ಕು ಮನೆ ಮುಗಿಸಿದರೆ ಹೆಚ್ಚು. ಹೆಚ್ಚಿನ ಮನೆಗಳಲ್ಲಿ ಕೇಳಿಬರುವ ದೂರು ಒಂದೇ: "ಓದಲು ಕೂತುಕೊಳ್ಳುತ್ತಾನೆ ಮಾಷ್ಟ್ರೇ, ಆದರೆ ಮನಸ್ಸು ನಿಲ್ಲುವುದಿಲ್ಲ." ನಾವೂ ಬಹಳ ಕಾಲ ಈ ದೂರಿಗೆ ಒಂದೇ ಉತ್ತರವನ್ನು ಕೊಡುತ್ತಾ ಬಂದೆವು. "ಮನಸ್ಸು ಕೊಟ್ಟು ಓದು ಮಗಾ" ಎಂದು ಹೇಳಿ, ಬೆಲ್ಲ ನೀರು ಕುಡಿದು ಎದ್ದು ಬರುತ್ತಿದ್ದೆವು. ಮನಸ್ಸನ್ನು ಹೇಗೆ ಕೊಡುವುದು ಎಂದು ಆ ಮಗು ತಿರುಗಿ ಕೇಳಿದ್ದರೆ ನಮ್ಮ ಬಳಿ ಉತ್ತರವಿರಲಿಲ್ಲ.

ಈ ವಿಷಯವನ್ನು ಈ ಸಲದ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿ ಬರೆಯೋಣವೆಂದು ನಾವು ಹೊರಟದ್ದಕ್ಕೆ ಕಾರಣ ಕೆಲವು ವರ್ಷಗಳ ಹಿಂದೆ ಕಂಡ ಒಂದು ಮನೆ. ಹುಡುಗನ ಹೆಸರು ಇಲ್ಲಿ ಬೇಡ. ಜಾಣ ಹುಡುಗ, ವಿಧೇಯ, ಬೆಳಗ್ಗೆ ಐದಕ್ಕೆ ಏಳುತ್ತಿದ್ದ. ಅವನ ಮೇಜಿನ ಮೇಲೆ ಪಾಠಪುಸ್ತಕಗಳ ಜೊತೆಗೆ ಮೂರು ಬಗೆಯ ಗೈಡುಗಳು, ಟ್ಯೂಷನ್ನಿನ ನೋಟು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ರಸಪ್ರಶ್ನೆಯ ಪುಸ್ತಕ, ಯಾವುದೋ ಸ್ಪರ್ಧೆಗೆಂದು ಅರ್ಧ ಬರೆದಿಟ್ಟ ಪೋಸ್ಟರು, ಚಾರ್ಜಿಗೆ ಹಾಕಿದ ಮೊಬೈಲು. ಆ ಮೊಬೈಲಿನಲ್ಲಿ ಶಾಲೆಯದೊಂದು ವಾಟ್ಸಾಪ್ ಗುಂಪು, ಟ್ಯೂಷನ್ನಿನದೊಂದು, ಕ್ಲಬ್ಬಿನದೊಂದು. "ಇವನಿಗೆ ನಾವು ಯಾವುದಕ್ಕೂ ಕಡಿಮೆ ಮಾಡಿಲ್ಲ ಮಾಷ್ಟ್ರೇ" ಎಂದರು ತಂದೆ. ಅದು ನಿಜವೇ ಆಗಿತ್ತು. ಆ ಮೇಜಿನಲ್ಲಿ ಇಲ್ಲದ್ದು ಮೊಣಕೈ ಊರುವ ಜಾಗ ಒಂದೇ.

ಚಾವಡಿಯ ಮೂಲೆಯಲ್ಲಿ ಕುಳಿತು ವೀಳ್ಯ ಹಾಕಿಕೊಳ್ಳುತ್ತಿದ್ದ ಅಜ್ಜ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಪ್ರಾಯದಲ್ಲಿ ಸುರಂಗ ಕೊರೆಯುವ ಕೆಲಸ ಮಾಡಿದವರು. "ಒಂದೇ ಗುಡ್ಡೆಗೆ ನಾಲ್ಕು ಕಡೆ ಬಾಯಿ ತೆಗೆದರೆ ನೀರು ಎಲ್ಲಿಂದ ಬರಬೇಕು?" ಎಂದು ಅವರು ಯಾರಿಗೆಂದಿಲ್ಲದೆ ಕೇಳಿದರು. ನಮ್ಮ ಕಾಸರಗೋಡಿನ ಮಕ್ಕಳಿಗೆ ಸುರಂಗವೆಂದರೆ ಏನೆಂದು ಹೇಳಬೇಕಾಗಿಲ್ಲ. ಆದರೆ ಪೇಟೆಯ ಮಕ್ಕಳು ಇದನ್ನು ನೋಡಿರಲಾರರು. ಮುರಕಲ್ಲಿನ ಗುಡ್ಡೆಯ ಮಗ್ಗುಲಿನಿಂದ ಒಬ್ಬ ಆಳು ನುಸುಳುವಷ್ಟೇ ಅಗಲಕ್ಕೆ ಅಡ್ಡಲಾಗಿ ಕೊರೆಯುತ್ತಾ ಹೋಗಿ, ಒಳಗಿನ ಒರತೆಯನ್ನು ತಾನಾಗಿ ಹೊರಗೆ ಹರಿದುಬರುವಂತೆ ಮಾಡುವುದು. ಪಂಪು ಬೇಡ, ಹಗ್ಗ ಬೇಡ. ಬೆಳೆದಿರುವ ಗಿಡಮರ, ಹುತ್ತ, ಮಣ್ಣಿನ ತೇವ ಇವುಗಳನ್ನು ನೋಡಿ ಮೊದಲು ಜಾಗ ಗೊತ್ತುಮಾಡುತ್ತಾರೆ. ಆಮೇಲೆ ಪಿಕ್ಕಾಸು ಹಿಡಿದವನಿಗೆ ಇರುವುದು ಒಂದೇ ದಿಕ್ಕು. ದಿನಕ್ಕೆ ಇಷ್ಟು ಕೋಲು ಎಂದು ಒಳಗೆ ಹೋಗುತ್ತಲೇ ಇರಬೇಕು. ನಾಲ್ಕು ಕಡೆ ನಾಲ್ಕು ನಾಲ್ಕು ಕೋಲು ಕೊರೆದವನಿಗೂ, ಒಂದೇ ಕಡೆ ಹದಿನಾರು ಕೋಲು ಕೊರೆದವನಿಗೂ ಬೆವರು ಹರಿಯುವುದು ಒಂದೇ ಅಳತೆಯಲ್ಲಿ. ನೀರು ಹರಿಯುವುದು ಮಾತ್ರ ಹಾಗಲ್ಲ.

"ಹಾಗಾದರೆ ನೀವು ತೆಗೆದ ಸುರಂಗಗಳಲ್ಲೆಲ್ಲ ನೀರು ಸಿಕ್ಕಿತೇ?" ಎಂದು ನಾವು ಕೇಳಿದೆವು. ಅಜ್ಜ ನಕ್ಕರು. ಎಷ್ಟೋ ಕಡೆ ಬಂಡೆ ಅಡ್ಡ ಬಂದು ಬಿಟ್ಟುಬರಬೇಕಾಯಿತಂತೆ. ಆದರೆ ಒಂದನ್ನು ಬಿಟ್ಟ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿದ್ದು, ಎರಡನ್ನು ಒಟ್ಟಿಗೆ ನಡೆಸಿದ್ದಿಲ್ಲ ಎಂದರು.

ಏಕಾಗ್ರತೆ ಎಂಬ ಪದವನ್ನೇ ಒಡೆದು ನೋಡೋಣ. ಏಕ ಎಂದರೆ ಒಂದು, ಅಗ್ರ ಎಂದರೆ ತುದಿ ಅಥವಾ ಮೊನೆ. ಒಂದೇ ಮೊನೆಯುಳ್ಳದ್ದಾಗಿರುವುದು ಏಕಾಗ್ರತೆ. ಪೆನ್ಸಿಲಿಗೆ ಮೊನೆ ಬರುವುದು ಹೇಗೆ? ನಾವು ಅದಕ್ಕೆ ಏನನ್ನೂ ಸೇರಿಸುವುದಿಲ್ಲ, ಸುತ್ತಲಿನ ಮರವನ್ನು ಕೆತ್ತಿ ತೆಗೆಯುತ್ತೇವೆ. ಮನಸ್ಸಿನ ವಿಷಯದಲ್ಲಿ ಮಾತ್ರ ನಾವು ಇದಕ್ಕೆ ವಿರುದ್ಧವಾದ ದಾರಿ ಹಿಡಿಯುತ್ತೇವೆ. ಮಗನಿಗೆ ಓದು ಹತ್ತುವುದಿಲ್ಲವೆಂದು ಕಂಡಾಗ ಇನ್ನೊಂದು ಗೈಡು, ಇನ್ನೊಂದು ಟ್ಯೂಷನ್ನು, ನೆನಪಿನ ಶಕ್ತಿಗೆಂದು ಇನ್ನೊಂದು ಲೇಹ್ಯ!

ಮನಸ್ಸಿಗೆ ಏಕಕಾಲದಲ್ಲಿ ಎಷ್ಟು ಸಂಗತಿಗಳನ್ನು ಹಿಡಿದಿಟ್ಟುಕೊಳ್ಳಲು ಸಾಧ್ಯ ಎಂಬುದನ್ನು ಮನಶ್ಶಾಸ್ತ್ರಜ್ಞರು ಅಳೆದು ನೋಡಿದ್ದಾರೆ. ಅಮೆರಿಕದ ಜಾರ್ಜ್ ಮಿಲ್ಲರ್ ಎಂಬವರು 1956ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ ಸುಮಾರು ಏಳು ಎಂದರು. ನೆಲ್ಸನ್ ಕೋವನ್ ಎಂಬವರು 2001ರಲ್ಲಿ ಆ ಲೆಕ್ಕವನ್ನು ಮತ್ತೆ ಪರಿಶೀಲಿಸಿ, ಏಳೂ ಇಲ್ಲ, ಸುಮಾರು ನಾಲ್ಕು ಎಂದರು. ನೆನಪಿನ ಉಗ್ರಾಣ ಎಷ್ಟು ದೊಡ್ಡದಾದರೂ ಕೆಲಸ ನಡೆಯುವ ಮಣೆ ಅಷ್ಟು ಚಿಕ್ಕದು. ಗಣಿತದ ಒಂದು ಲೆಕ್ಕ ಬಿಡಿಸಲು ಸೂತ್ರ, ಕೊಟ್ಟ ಎರಡು ಸಂಖ್ಯೆಗಳು, ಮುಂದಿನ ಹೆಜ್ಜೆ ಇಷ್ಟನ್ನು ಅಲ್ಲಿ ಇಟ್ಟರೆ ಮಣೆ ಭರ್ತಿಯಾಯಿತು. ಗುಂಪಿನಲ್ಲಿ ಯಾರು ಏನು ಹೇಳಿದರೋ ಎಂಬ ಒಂದು ಯೋಚನೆ ಒಳಗೆ ಬಂದರೆ, ಇದ್ದ ನಾಲ್ಕರಲ್ಲಿ ಒಂದು ಕೆಳಗೆ ಬೀಳಲೇಬೇಕು. ಬಿದ್ದದ್ದು ಸೂತ್ರವಾಗಿದ್ದರೆ ಲೆಕ್ಕವನ್ನು ಮೊದಲಿನಿಂದ ಓದಬೇಕು.

ಒಂದರಿಂದ ಇನ್ನೊಂದಕ್ಕೆ ಹಾರುವುದಕ್ಕೂ ಒಂದು ಬೆಲೆ ಇದೆ. ಇದನ್ನು ನಂಬುವುದಕ್ಕೆ ಪುಸ್ತಕ ಬೇಡ, ಒಂದು ಗಡಿಯಾರ ಸಾಕು. ಅ ಆ ಇ ಈ ಎಂದು ಔ ವರೆಗಿನ 13 ಸ್ವರಗಳನ್ನು ಒಂದು ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ 1 ರಿಂದ 13ರ ವರೆಗೆ ಅಂಕೆಗಳನ್ನು ಬರೆಯಿರಿ. ಎರಡಕ್ಕೂ ಸೇರಿ ಎಷ್ಟು ಸೆಕೆಂಡು ಹಿಡಿಯಿತೆಂದು ಗುರುತು ಹಾಕಿ. ಈಗ ಅದೇ ಇಪ್ಪತ್ತಾರನ್ನು ಒಂದು ಬಿಟ್ಟು ಒಂದರಂತೆ, ಮೇಲಿನ ಸಾಲಿನಲ್ಲಿ ಅ, ಕೆಳಗೆ 1, ಮತ್ತೆ ಮೇಲೆ ಆ, ಕೆಳಗೆ 2 ಎಂದು ಬರೆಯುತ್ತಾ ಹೋಗಿ. ಬರೆಯುವ ಅಕ್ಷರಗಳು ಅವೇ, ಕೈ ಅದೇ. ಆದರೂ ಎರಡನೆಯ ಸಲ ಸಮಯ ಹೆಚ್ಚು ಹಿಡಿಯುತ್ತದೆ. "ಋ" ಬಂದಾಗ ಎಂಟನೆಯವರೂ ಹತ್ತನೆಯವರೂ ಒಂದೇ ರೀತಿ ತಡವರಿಸಿದ್ದನ್ನು ನಾವು ತರಗತಿಯಲ್ಲಿ ಕಂಡಿದ್ದೇವೆ. ನಾಲಗೆಯ ತುದಿಯಲ್ಲಿರುವ ಸ್ವರಮಾಲೆಗೇ ಹೀಗಾದರೆ, ಹೊಸದಾಗಿ ಕಲಿಯುತ್ತಿರುವ ಪಾಠದ ಗತಿ ಏನು? ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದೂ ಇದಕ್ಕೆ ಹತ್ತಿರದ ಮಾತೇ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನದರ ಬಳಿಯೇ ಉಳಿದುಬಿಡುತ್ತದೆ. ಅಡಿಗೆಯ ಭಾಷೆಯಲ್ಲಿ ಹೇಳುವುದಾದರೆ ಪಾತ್ರೆ ತೊಳೆಯದೆ ಮುಂದಿನ ಪದಾರ್ಥ ಮಾಡಿದ ಹಾಗೆ.

ಮೊಬೈಲಿನ ವಿಷಯಕ್ಕೆ ಬರೋಣ. ಅದನ್ನು ಬೈಯುವುದು ಈಗ ಎಲ್ಲ ಭಾಷಣಗಳ ಒಂದು ಅಂಗವಾಗಿಬಿಟ್ಟಿದೆ. ಬೈಯುವವರ ಜೇಬಿನಲ್ಲೂ ಅದು ಇರುತ್ತದೆ ಎಂಬುದನ್ನು ಮಕ್ಕಳು ಗಮನಿಸದೆ ಇರುವುದಿಲ್ಲ. ಆದ್ದರಿಂದ ಬೈಗುಳ ಬಿಟ್ಟು ಒಂದು ಪರೀಕ್ಷೆಯ ವಿಷಯ ಹೇಳುತ್ತೇವೆ. 2017ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದವರು ಪ್ರಕಟಿಸಿದ್ದು. ಒಂದಷ್ಟು ಜನರಿಗೆ ಗಮನವಿಟ್ಟು ಮಾಡಬೇಕಾದ ಕೆಲಸಗಳನ್ನು ಕೊಟ್ಟರು. ಕೆಲವರ ಫೋನು ಮೇಜಿನ ಮೇಲೆ ಕವುಚಿ ಹಾಕಿತ್ತು, ಕೆಲವರದು ಜೇಬಿನಲ್ಲೋ ಚೀಲದಲ್ಲೋ ಇತ್ತು, ಕೆಲವರದು ಬೇರೆ ಕೋಣೆಯಲ್ಲಿ. ಶಬ್ದ ಎಲ್ಲವುಗಳದ್ದೂ ನಿಲ್ಲಿಸಲಾಗಿತ್ತು. ಬೇರೆ ಕೋಣೆಯಲ್ಲಿ ಇಟ್ಟವರು ಎಲ್ಲರಿಗಿಂತ ಚೆನ್ನಾಗಿ ಮಾಡಿದರು, ಮೇಜಿನ ಮೇಲೆ ಇಟ್ಟವರು ಹಿಂದೆ ಬಿದ್ದರು. ವಿಚಿತ್ರವೆಂದರೆ ಫೋನಿನಿಂದ ತಮಗೇನೂ ತೊಂದರೆಯಾಗಲಿಲ್ಲವೆಂದೇ ಅವರಲ್ಲಿ ಹೆಚ್ಚಿನವರು ಹೇಳಿದರು. ಆಮೇಲೆ ಇದೇ ಪರೀಕ್ಷೆಯನ್ನು ಬೇರೆ ಕಡೆ ಮಾಡಿದವರಲ್ಲಿ ಕೆಲವರಿಗೆ ಇಷ್ಟು ಸ್ಪಷ್ಟವಾದ ಫಲ ಸಿಗಲಿಲ್ಲವೆಂಬುದನ್ನೂ ಹೇಳಬೇಕು. ಆದರೂ ಫೋನನ್ನು ಅಡಿಗೆ ಕೋಣೆಯ ಕಪಾಟಿನಲ್ಲಿ ಇಡುವುದಕ್ಕೆ ಖರ್ಚೇನಿದೆ? ಮುಟ್ಟುವುದಿಲ್ಲ ಎಂದು ಗಳಿಗೆಗೊಮ್ಮೆ ನಿಶ್ಚಯ ಮಾಡಿಕೊಳ್ಳುವುದಕ್ಕೂ ಮನಸ್ಸಿನ ಶಕ್ತಿ ಬೇಕು. ಕೈಗೆ ಎಟಕದಿದ್ದರೆ ಆ ನಿಶ್ಚಯದ ಅಗತ್ಯವೇ ಇಲ್ಲ.

ಎಂಟನೆಯ ತರಗತಿಯವರಿಗೆ ಇಲ್ಲಿ ಒಂದು ಲೆಕ್ಕ ನೆನಪಾಗಬಹುದು. ಒಂದರಿಂದ ನೂರರ ವರೆಗೆ ಬರೆದು ಅವಿಭಾಜ್ಯ ಸಂಖ್ಯೆಗಳನ್ನು ಕಂಡುಹಿಡಿಯುವ ಎರಟೋಸ್ತನೀಸನ ಜರಡಿ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ ವಿದ್ವಾಂಸ ಅವನು. ಒಂದನ್ನು ಹೊಡೆದುಹಾಕಿ, ಎರಡನ್ನು ಉಳಿಸಿ ಅದರ ಗುಣಕಗಳನ್ನೆಲ್ಲ ಹೊಡೆಯುವುದು. ಆಮೇಲೆ ಮೂರರದು, ಐದರದು, ಏಳರದು. ಅಷ್ಟಕ್ಕೇ ನಿಲ್ಲಿಸಬಹುದು. ಏಕೆಂದರೆ ನೂರಕ್ಕೆ ಮೀರದ ಸಂಖ್ಯೆಯನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆದರೆ ಅವುಗಳಲ್ಲಿ ಒಂದು ಹತ್ತು ಅಥವಾ ಅದಕ್ಕಿಂತ ಚಿಕ್ಕದಾಗಿರಲೇಬೇಕು. ಎರಡೂ ಹತ್ತನ್ನು ಮೀರಿದರೆ ಗುಣಲಬ್ಧ ನೂರನ್ನು ದಾಟಿಬಿಡುತ್ತದೆ. ನಾಲ್ಕೇ ನಾಲ್ಕು ಸಲ ಜಾಲಿಸಿದರೆ 75 ಸಂಖ್ಯೆಗಳು ಉದುರಿ 25 ಉಳಿಯುತ್ತವೆ. ಆ ಹುಡುಗನ ಮೇಜನ್ನು ಖಾಲಿ ಮಾಡಲು ಕುಳಿತಾಗ ನಮಗೆ ಇದೇ ನೆನಪಾಯಿತು. ನೂರು ವಸ್ತುಗಳನ್ನು ಒಂದೊಂದಾಗಿ ವಿಚಾರಿಸಬೇಕಾಗಿರಲಿಲ್ಲ. ಮೂರರಲ್ಲಿ ಎರಡು ಗೈಡು ಕಪಾಟಿಗೆ ಹೋದವು, ಪೋಸ್ಟರನ್ನು ನಾವೇ ಶಾಲೆಗೆ ಹೊತ್ತುಕೊಂಡು ಬಂದೆವು, ಫೋನು ಅಮ್ಮನ ವಶವಾಯಿತು, ಟ್ಯೂಷನ್ನು ಗಣಿತವೊಂದಕ್ಕೆ ಇಳಿಯಿತು. ಉಳಿದ ಗಲಿಬಿಲಿಯಲ್ಲಿ ಬಹುಪಾಲು ಈ ನಾಲ್ಕರ ಬೆನ್ನಿಗೆ ಅಂಟಿಕೊಂಡು ಬಂದದ್ದಾಗಿತ್ತು.

ಆ ಪೋಸ್ಟರು ನಮ್ಮದೇ ಕ್ಲಬ್ಬಿನ ಸ್ಪರ್ಧೆಗೆ ಬರೆಸಿದ್ದು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ದಿನಾಚರಣೆಗಳು, ಕ್ಲಬ್ಬುಗಳು, ಮೇಳಗಳು ಒಂದಾದ ಮೇಲೊಂದು ಬರುವಾಗ ಎಲ್ಲದಕ್ಕೂ ಅದೇ ನಾಲ್ಕು ಜಾಣ ಮಕ್ಕಳನ್ನು ಕರೆಯುವುದು ಅಧ್ಯಾಪಕರಿಗೆ ಸುಲಭ. ಮನಸ್ಸು ಚೆದುರಿದೆಯೆಂದು ನಾವು ಯಾರನ್ನು ಗದರಿಸುತ್ತೇವೆಯೋ ಅವರ ಮನಸ್ಸನ್ನು ಚೆದುರಿಸಿದ್ದರಲ್ಲಿ ನಮ್ಮ ಪಾಲೂ ಇದೆ.

ಹಾಗೆಂದು ಎಲ್ಲವನ್ನೂ ಕತ್ತರಿಸಿಹಾಕಬೇಕೆಂದು ಹೆತ್ತವರು ತಿಳಿಯಬಾರದು. ಪರೀಕ್ಷೆಯ ವರ್ಷವೆಂದು ಮಗುವಿನ ಯಕ್ಷಗಾನದ ತರಗತಿ, ಸಂಜೆಯ ಆಟ, ರಾತ್ರಿಯ ನಿದ್ದೆ ಈ ಮೂರನ್ನು ಮೊದಲು ಬಲಿ ಕೊಡುವವರನ್ನು ಕಂಡಿದ್ದೇವೆ. ನಿದ್ದೆಯಲ್ಲಿ ದಿನದ ಕಲಿಕೆ ನೆನಪಿಗೆ ಗಟ್ಟಿಯಾಗಿ ಕೂರುತ್ತದೆ ಎಂಬುದು ಈಗ ಚೆನ್ನಾಗಿ ತಿಳಿದ ಸಂಗತಿ. ಹಾಗೆಯೇ ಮನೆಯಲ್ಲಿ ತುಳುವೋ ಮಲೆಯಾಳವೋ ಕೊಂಕಣಿಯೋ ಮರಾಠಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಇನ್ನೊಂದು ಎಂದು ಮಗುವಿಗೆ ಭಾಷೆಗಳು ಹೆಚ್ಚಾದವೇ ಎಂಬ ಆತಂಕವೂ ಬೇಡ. ಮಂಜೇಶ್ವರದ ಗೋವಿಂದ ಪೈಗಳು ಎಷ್ಟು ಭಾಷೆಗಳನ್ನು ಬಲ್ಲವರಾಗಿದ್ದರೆಂದು ಎಲ್ಲರೂ ಕೇಳಿದ್ದಾರೆ. ಅವರು ಬಿಟ್ಟದ್ದು ಭಾಷೆಯನ್ನಲ್ಲ, ಪ್ರಾಸವನ್ನು. ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಆದಿಪ್ರಾಸದ ಕಟ್ಟುಪಾಡು ಕನ್ನಡ ಕವಿಗಳನ್ನು ಶತಮಾನಗಳ ಕಾಲ ಬಿಗಿದಿತ್ತು. 1911ರಲ್ಲಿ ಪೈಗಳು ಅದನ್ನು ಕೈಬಿಟ್ಟು ಬರೆಯಲು ತೊಡಗಿದಾಗ ಆಕ್ಷೇಪಣೆಗಳು ಬಂದವು. ಆದರೆ ಪ್ರಾಸಕ್ಕೆ ಹೊಂದುವ ಪದವನ್ನು ಹುಡುಕುವುದರಲ್ಲಿ ಕಳೆಯುತ್ತಿದ್ದ ಗಮನ ಅರ್ಥದ ಕಡೆಗೆ ತಿರುಗಿತು. ಛಂದಸ್ಸನ್ನು ಅವರು ಬಿಡಲಿಲ್ಲ ಎಂಬುದೂ ಮುಖ್ಯ. ಯಾವುದು ಹೋದರೆ ಕೆಲಸ ಹಗುರಾಗುತ್ತದೆ, ಯಾವುದು ಹೋದರೆ ಕೆಲಸವೇ ಕೆಡುತ್ತದೆ ಎಂಬ ಭೇದವನ್ನು ಬಲ್ಲವರು ಅವರು.

ಇಷ್ಟು ಓದಿನ ಮೇಜಿನ ಕಥೆಯಾಯಿತು. ಆದರೆ ಆ ಹುಡುಗನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪರೀಕ್ಷೆಯಲ್ಲಿ ಅವನು ಚೆನ್ನಾಗಿಯೇ ಪಾಸಾದ. ನಾವು ಎಡವಿದ್ದು ಅನಂತರ.

ಗಡಿನಾಡಿನ ಮಕ್ಕಳಿಗೆ ಹತ್ತನೆಯ ತರಗತಿ ಮುಗಿದೊಡನೆ ತೆರೆಯುವ ಬಾಗಿಲುಗಳು ಉಳಿದವರಿಗಿಂತ ಹೆಚ್ಚು. ಇಲ್ಲಿಯೇ ಪ್ಲಸ್ ವನ್ ಇದೆ, ವೃತ್ತಿಪರ ಹೈಯರ್ ಸೆಕೆಂಡರಿ ಇದೆ, ಪಾಲಿಟೆಕ್ನಿಕ್ ಇದೆ, ಐ.ಟಿ.ಐ. ಇದೆ. ತಲಪಾಡಿ ದಾಟಿದರೆ ಮಂಗಳೂರಿನ ಪಿ.ಯು. ಕಾಲೇಜುಗಳಿವೆ. ಎಲ್ಲ ಬಾಗಿಲುಗಳೂ ತೆರೆದೇ ಇರಲಿ ಎಂದು ಬಯಸುವುದು ಮನುಷ್ಯಸ್ವಭಾವ. ಈ ಸ್ವಭಾವವನ್ನೇ ಜಿವೂಂಗ್ ಶಿನ್ ಮತ್ತು ಡ್ಯಾನ್ ಏರಿಯಲಿ ಎಂಬವರು 2004ರಲ್ಲಿ ಒಂದು ಕಂಪ್ಯೂಟರ್ ಆಟದ ಮೂಲಕ ಪರೀಕ್ಷಿಸಿದರು. ಪರದೆಯ ಮೇಲೆ ಮೂರು ಬಾಗಿಲು. ಯಾವುದಾದರೊಂದರ ಒಳಗೆ ಹೋಗಿ ಒತ್ತಿದಷ್ಟೂ ಸ್ವಲ್ಪ ಸ್ವಲ್ಪ ಹಣ ಸಿಗುತ್ತದೆ. ಒತ್ತಬಹುದಾದದ್ದು ಒಟ್ಟು ನೂರು ಸಲ. ಬಾಗಿಲು ಬದಲಾಯಿಸಿದರೆ ಅದರಲ್ಲಿ ಒಂದು ಖರ್ಚಾಗುತ್ತದೆ. ಬಾಗಿಲುಗಳು ಹಾಗೆಯೇ ಇದ್ದಾಗ ಜನ ಒಳ್ಳೆಯದೊಂದನ್ನು ಕಂಡುಕೊಂಡು ಅಲ್ಲೇ ನಿಂತರು. ಆದರೆ ಕೆಲಕಾಲ ಹೋಗದಿದ್ದರೆ ಬಾಗಿಲು ಕಿರಿದಾಗುತ್ತಾ ಮಾಯವಾಗುವುದೆಂಬ ನಿಯಮವನ್ನು ಸೇರಿಸಿದೊಡನೆ, ಜನ ಹಣವನ್ನು ಮರೆತು ಬಾಗಿಲುಗಳನ್ನು ಕಾಯತೊಡಗಿದರು. ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಓಡಿ ಓಡಿ ಗಳಿಕೆಯನ್ನೇ ಕಡಿಮೆ ಮಾಡಿಕೊಂಡರು.

ನಮ್ಮ ಹುಡುಗನ ತಂದೆ ಮಾಡಿದ್ದೂ ಇದನ್ನೇ. ಅವರಿಗೆ ಹಾಗೆ ಸಲಹೆ ಕೊಟ್ಟವರು ನಾವು. ಪ್ಲಸ್ ವನ್ ಪ್ರವೇಶಕ್ಕೆ ಏಕಗವಾಕ್ಷಿ ಅರ್ಜಿಯಲ್ಲಿ ಶಾಲೆ ಮತ್ತು ವಿಷಯಗಳ ಜೋಡಿಯನ್ನು ಒಂದೊಂದು ಒಪ್ಶನ್ ಆಗಿ, ಬೇಕಾದ ಕ್ರಮದಲ್ಲಿ ಬರೆಯಬೇಕಲ್ಲವೇ? "ಎಷ್ಟು ಹೆಚ್ಚು ಕೊಟ್ಟರೆ ಅಷ್ಟು ಒಳ್ಳೆಯದು, ಇರಲಿ" ಎಂದೆವು. ಅವರು ಇಪ್ಪತ್ತಕ್ಕಿಂತ ಹೆಚ್ಚು ಬರೆದರು. ಅದರೊಂದಿಗೆ ಮಂಗಳೂರಿನ ಒಂದು ಕಾಲೇಜಿಗೆ ಮುಂಗಡವನ್ನೂ ಕಟ್ಟಿದರು. ಹುಡುಗನಿಗೆ ವಿದ್ಯುತ್ತಿನ ಕೆಲಸದಲ್ಲಿ ಆಸಕ್ತಿ, ಪಾಲಿಟೆಕ್ನಿಕ್ಕಿಗೆ ಹೋಗುವ ಆಸೆ. ಅದನ್ನು ಮಾತ್ರ ಯಾರೂ ಕೇಳಲಿಲ್ಲ. ಪಟ್ಟಿಯ ಕೆಳತುದಿಯಲ್ಲಿ "ಇರಲಿ" ಎಂದು ಬರೆದ ಒಂದು ಒಪ್ಶನ್ ಅವನಿಗೆ ಸಿಕ್ಕಿತು. ಚಂದ್ರಗಿರಿ ಹೊಳೆಯ ಆಚೆ, ಎರಡು ಬಸ್ಸು ಬದಲಿಸಿ ಹೋಗಬೇಕಾದ ಶಾಲೆ. ಎರಡನೆಯ ಭಾಷೆಯಾಗಿ ಕನ್ನಡ ಅಲ್ಲಿರಲಿಲ್ಲ. ವಿಜ್ಞಾನದ ಪುಸ್ತಕಗಳು ಇಂಗ್ಲಿಷಿನಲ್ಲಿ. ಮೇಲಿನದು ಸಿಕ್ಕೀತು, ವರ್ಗಾವಣೆ ಸಿಕ್ಕೀತು ಎಂದು ಕಾಯುತ್ತಾ ಓಣಂ ರಜೆಯ ತನಕ ಹೋದ, ಆಮೇಲೆ ಹೋಗಲಿಲ್ಲ. ಮಂಗಳೂರಿನ ಮುಂಗಡವೂ ಹಿಂದೆ ಬರಲಿಲ್ಲ. ಮರುವರ್ಷ ಅವನು ಪಾಲಿಟೆಕ್ನಿಕ್ ಸೇರಿದ. ಒಂದು ವರ್ಷ ಹೋಯಿತು. ಅಷ್ಟೇ ತಾನೆ ಎನ್ನಬಹುದು. ಹದಿನಾರು ವರ್ಷದವನಿಗೆ, ಜೊತೆಯವರೆಲ್ಲ ಬಸ್ಸು ಹತ್ತಿ ಹೋಗುವುದನ್ನು ಗೇಟಿನ ಬಳಿ ನಿಂತು ನೋಡಬೇಕಾದವನಿಗೆ, ಅದು ಅಷ್ಟೇ ಅಲ್ಲ.

ಆ ಅರ್ಜಿಯ ನಿಯಮಗಳನ್ನು ಹೆತ್ತವರು ಚೆನ್ನಾಗಿ ತಿಳಿದುಕೊಳ್ಳಬೇಕು. ಒಂದು ಒಪ್ಶನ್ ಸಿಕ್ಕಿತೆಂದರೆ ಪಟ್ಟಿಯಲ್ಲಿ ಅದಕ್ಕಿಂತ ಕೆಳಗಿರುವವೆಲ್ಲ ತಾವಾಗಿ ರದ್ದಾಗುತ್ತವೆ. ಮೊದಲನೆಯದೇ ಸಿಕ್ಕಿದರೆ ಕಾಯಂ ಪ್ರವೇಶ ಪಡೆಯಬೇಕು. ಕೆಳಗಿನದು ಸಿಕ್ಕಿದರೆ ತಾತ್ಕಾಲಿಕವಾಗಿ ಸೇರಿ ಮೇಲಿನದಕ್ಕೆ ಕಾಯಬಹುದು, ಇಲ್ಲವೇ ಮೇಲಿನವುಗಳನ್ನು ರದ್ದು ಮಾಡಿಸಿ ಅಲ್ಲೇ ನೆಲೆಯಾಗಬಹುದು. ಸಿಕ್ಕಿದ್ದಕ್ಕೆ ಸೇರದೆ ಸುಮ್ಮನಿದ್ದರೆ ಮುಂದಿನ ಅಲಾಟ್‌ಮೆಂಟುಗಳಿಂದ ಹೊರಗಾಗುತ್ತಾರೆ. ಆದ್ದರಿಂದ "ಇರಲಿ" ಎಂದು ಬರೆದ ಪ್ರತಿಯೊಂದು ಸಾಲೂ ನಿಜವಾಗಿ ಸಿಗಬಹುದಾದ ಸಾಲು. ಹಾಗೆಂದು ಎರಡೇ ಬರೆದು ಕೂರುವುದೂ ಅಪಾಯ. ಅಂಕ ಕಡಿಮೆಯಿರುವ ಮಗುವಿಗೆ ಯಾವುದೂ ಸಿಗದೆ ಹೋಗಬಹುದು. ಸಂಖ್ಯೆ ಎಷ್ಟು ಎಂಬುದು ಪ್ರಶ್ನೆಯಲ್ಲ. ಪ್ರತಿ ಸಾಲಿನ ಮೇಲೆ ಬೆರಳಿಟ್ಟು, "ಇದೊಂದೇ ಸಿಕ್ಕಿದರೆ ಬೆಳಗ್ಗೆ ಏಳರ ಬಸ್ಸಿಗೆ ಹೊರಡುತ್ತೀಯಾ?" ಎಂದು ಮಗುವನ್ನು ಕೇಳಬೇಕು. ಹೌದೆಂದರೆ ಉಳಿಸಿ, ಅಲ್ಲವೆಂದರೆ ಅಳಿಸಿ. ಉತ್ತರ ಕೊಡಬೇಕಾದದ್ದು ಮಗುವೇ, ಚಿಕ್ಕಪ್ಪನಲ್ಲ.

ಅಳಿಸುವ ಈ ಕೆಲಸಕ್ಕೆ ಹೊತ್ತು ಎಂಬುದೂ ಇದೆ. ನಮ್ಮ ಊರಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ, 1970ರಿಂದ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿರುವ ಸ್ಥಳವನ್ನು ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ತೆಂಗಿನ ನರ್ಸರಿಯಲ್ಲಿ ಬಿತ್ತಿದ ಆರು ತಿಂಗಳೊಳಗೆ ಮೊಳೆಯದ ಕಾಯಿಗಳನ್ನು ತೆಗೆದುಹಾಕುತ್ತಾರೆ. ಮೊಳೆತವುಗಳಲ್ಲೂ ಒಂಬತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಕಡಿಮೆಯೆಂದರೆ ಆರು ಎಲೆ, ಬುಡದಲ್ಲಿ 10 ಸೆಂಟಿಮೀಟರ್ ಸುತ್ತಳತೆ ಇರುವ ಸಸಿಗಳನ್ನು ಮಾತ್ರ ನೆಡಲು ಆರಿಸುತ್ತಾರೆ. ಮೊಳೆತ ಸಸಿಯನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ತೋಟದಲ್ಲಿ ನೆಟ್ಟು ಏಳೆಂಟು ವರ್ಷ ನೀರು ಗೊಬ್ಬರ ಹಾಕಿದ ಮೇಲೆ ಫಲವಿಲ್ಲವೆಂದು ಕಡಿಯುವುದು ಇನ್ನೂ ಕಷ್ಟ. ಒಪ್ಶನ್ ಪಟ್ಟಿಯಲ್ಲಿ ಒಂದು ಸಾಲನ್ನು ಅಳಿಸಲು ಮೇ ತಿಂಗಳಲ್ಲಿ ಅರ್ಧ ನಿಮಿಷ ಸಾಕು. ಸೆಪ್ಟೆಂಬರಿನಲ್ಲಿ ಅದೇ ಸಾಲಿಗೆ ಒಂದು ವರ್ಷ ತೆರಬೇಕಾಗುತ್ತದೆ.

ಆ ಹುಡುಗ ಈಗ ಡಿಪ್ಲೊಮಾ ಮುಗಿಸಿದ್ದಾನೆ. ಕಳೆದ ಮಳೆಗಾಲದಲ್ಲಿ ಶಾಲೆಯ ಸಭಾಂಗಣದ ವಯರಿಂಗ್ ಕೆಟ್ಟಾಗ ಬಂದು ಸರಿಮಾಡಿಕೊಟ್ಟ. ಪ್ರತಿ ಸ್ವಿಚ್ಚನ್ನೂ ಆರಿಸಿ, ಒಂದೊಂದನ್ನೇ ಹಾಕಿ ನೋಡುತ್ತಾ ತೊಂದರೆ ಎಲ್ಲಿದೆಯೆಂದು ಹಿಡಿಯುವುದನ್ನು ಒಂಬತ್ತನೆಯ ತರಗತಿಯವರು ಸುತ್ತ ನಿಂತು ನೋಡಿದರು. ಅಜ್ಜ ಹೇಗಿದ್ದಾರೆಂದು ಕೇಳಿದೆವು. ಸುರಂಗದ ಬಾಯಿಯಲ್ಲಿ ತುಂಬಿದ ಹೂಳನ್ನು ತೆಗೆಸುತ್ತಿದ್ದಾರಂತೆ. ನೀರು ಈಗಲೂ ಬರುತ್ತದಂತೆ.

ಈ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮೇಲಿನ ಮೊದಲನೆಯ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಶಾಲೆಯಲ್ಲಿ ಒಪ್ಶನ್ ಪಟ್ಟಿಗಳನ್ನು ನೋಡಲು ನಾವೆಲ್ಲರೂ ಕುಳಿತಿರುತ್ತೇವೆ. ಮಕ್ಕಳು ಪಟ್ಟಿಯನ್ನು ಮನೆಯಲ್ಲೇ ಪೆನ್ಸಿಲಿನಲ್ಲಿ ಬರೆದು ತರಲಿ. ತಂದೆ ತಾಯಿಯರಲ್ಲಿ ಒಬ್ಬರಾದರೂ ಜೊತೆಗೆ ಬರಬೇಕು. ಶಾಲೆಯ ಬಸ್ಸು ಅಂದು ಇರುವುದಿಲ್ಲ.